ಮೊದಲು ಕೇಳಬೇಕಾದ ಪ್ರಶ್ನೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ, ನಿವೃತ್ತ ಭೌತಶಾಸ್ತ್ರ ಅಧ್ಯಾಪಕರಾದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತ ಬೆಳೆದ ನಮ್ಮಂಥವರಿಗೆ ಲೋಕದ ವಿದ್ಯೆಯನ್ನು ಕನ್ನಡದಲ್ಲಿಯೇ ಉಣಬಡಿಸಿದ ಶಾಲೆಯಿದು. ಆ ಋಣವನ್ನು ನೆನೆದು ಇಂದಿನ ವಿಷಯಕ್ಕೆ ಬರುತ್ತೇನೆ. ವಿಷಯವನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಅಣ್ವಸ್ತ್ರಗಳ ಪರೀಕ್ಷೆಯನ್ನು ಯಾವ ಕ್ರಮದಲ್ಲಿ ಯೋಜಿಸಿದರು, ಆ ಪರೀಕ್ಷೆಗಳ ಫಲಿತಾಂಶ ಅಸ್ತ್ರಗಳ ದಾಸ್ತಾನನ್ನು ಕುರಿತ ನಿರ್ಧಾರಗಳನ್ನು ಹೇಗೆ ತಿದ್ದಿತು ಎಂಬುದೇ ನನ್ನ ವಿಷಯ. ಶಾಲೆಯ ಹಬ್ಬದಲ್ಲಿ ಬಾಂಬಿನ ಮಾತೇಕೆ ಎಂದರೆ, ಅದಕ್ಕೆ ಎರಡು ಕಾರಣಗಳಿವೆ.

ಒಂದು ಕಾರಣ ನಮ್ಮ ಊರಿನ ಹತ್ತಿರವೇ ಇದೆ. ಹಿಂದೂಪುರವನ್ನು ದಾಟಿ ಸ್ವಲ್ಪ ದೂರ ಹೋದರೆ ಗೌರಿಬಿದನೂರು. ಅಲ್ಲಿ 1965ರಲ್ಲಿ, ಬ್ರಿಟನ್ನಿನ ಪರಮಾಣು ಇಂಧನ ಸಂಸ್ಥೆಯ ಸಹಯೋಗದಿಂದ, ಭೂಕಂಪಮಾಪಕಗಳ ಒಂದು ಸಾಲನ್ನು ನೆಟ್ಟರು. ಹೊಲಗಳ ನಡುವೆ, ಬಂಡೆಯ ಮೇಲೆ, ಮೈಲಿಗಟ್ಟಲೆ ಹರಡಿದ ಆ ಯಂತ್ರಗಳ ಮುಖ್ಯ ಉದ್ದೇಶಗಳಲ್ಲಿ ಒಂದು, ಸಾವಿರಾರು ಮೈಲಿ ದೂರದಲ್ಲಿ ನೆಲದಡಿಯಲ್ಲಿ ನಡೆಯುವ ಅಣ್ವಸ್ತ್ರ ಸ್ಫೋಟದ ಕಂಪನವನ್ನು ಕೇಳಿಸಿಕೊಳ್ಳುವುದು. ಅದು ಸಹಜ ಭೂಕಂಪವೋ ಮನುಷ್ಯ ಮಾಡಿದ್ದೋ ಎಂದು ಬೇರ್ಪಡಿಸುವುದು. ನಾವು ನೆಲಗಡಲೆ ಬಿತ್ತುವ ಸೀಮೆಯ ಪಕ್ಕದಲ್ಲಿಯೇ ಲೋಕದ ಗುಡುಗನ್ನು ಆಲಿಸುವ ಕಿವಿಯೊಂದು ಇದೆ ಎಂದು ನಮ್ಮ ವಿಜ್ಞಾನದ ಮೇಷ್ಟರು ಹೇಳಿದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ.

ಎರಡನೆಯ ಕಾರಣವೂ ಅದೇ ಮೇಷ್ಟರು. ಅವರು ಪ್ರತಿ ಸೋಮವಾರ ಒಂದು ಕಿರುಪರೀಕ್ಷೆ ಕೊಡುತ್ತಿದ್ದರು. ಅಂಕ ಹಾಕುತ್ತಿರಲಿಲ್ಲ. ನಮ್ಮ ಉತ್ತರಗಳನ್ನು ನೋಡಿ ಆ ವಾರ ಏನು ಪಾಠ ಮಾಡಬೇಕೆಂಬುದನ್ನು ತೀರ್ಮಾನಿಸುತ್ತಿದ್ದರು. ಒಂದು ಸೋಮವಾರ ಪರೀಕ್ಷೆಯೇ ಇಲ್ಲ. ಏಕೆ ಸಾರ್ ಎಂದು ಕೇಳಿದೆವು. “ನೀವು ಏನು ಬರೆದರೂ ಈ ವಾರ ನಾನು ಮಾಡುವ ಪಾಠ ಬದಲಾಗುವುದಿಲ್ಲ. ಹಾಗಿದ್ದಮೇಲೆ ಕಾಗದ ಏಕೆ ಹಾಳು ಮಾಡಬೇಕು?” ಎಂದರು. ಆ ಮಾತಿನ ತೂಕ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಅಣ್ವಸ್ತ್ರ ಪರೀಕ್ಷೆಗಳ ಚರಿತ್ರೆಯನ್ನು ಓದುವಾಗ. ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ: ಪರೀಕ್ಷೆ.

1945ರಿಂದ ಆರಂಭಿಸೋಣ. ಅಮೆರಿಕದ ವಿಜ್ಞಾನಿಗಳ ಕೈಯಲ್ಲಿ ಆಗ ಎರಡು ಬಗೆಯ ಬಾಂಬುಗಳ ವಿನ್ಯಾಸವಿತ್ತು. ಒಂದು ಯುರೇನಿಯಂ ಬಳಸುವ ಸರಳ ವಿನ್ಯಾಸ. ಇನ್ನೊಂದು ಪ್ಲುಟೋನಿಯಂ ಬಳಸುವ ಅತ್ಯಂತ ಜಟಿಲವಾದ ವಿನ್ಯಾಸ. ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ ‘ಟ್ರಿನಿಟಿ’ ಪರೀಕ್ಷೆಯಲ್ಲಿ ಸಿಡಿಸಿದ್ದು ಎರಡನೆಯದನ್ನು ಮಾತ್ರ. ಮೊದಲನೆಯದನ್ನು ಪರೀಕ್ಷಿಸಲೇ ಇಲ್ಲ. ಅದು ಮೊದಲ ಬಾರಿ ಸಿಡಿದದ್ದು ಹಿರೋಶಿಮಾದ ಜನರ ಮೇಲೆ. ಯುರೇನಿಯಂ ವಿನ್ಯಾಸದ ಬಗ್ಗೆ ಅವರಿಗೆ ಸಂದೇಹವಿರಲಿಲ್ಲ, ಮೇಲಾಗಿ ಅವರ ಬಳಿ ಇದ್ದ ಯುರೇನಿಯಂ ಒಂದು ಬಾಂಬಿಗಷ್ಟೇ ಸಾಲುತ್ತಿತ್ತು. ಸಂದೇಹ ಇರುವಲ್ಲಿ ಮಾತ್ರ ಕೇಳು, ಉತ್ತರದಿಂದ ನಿರ್ಧಾರ ಬದಲಾಗುವಂತಿದ್ದರೆ ಮಾತ್ರ ಖರ್ಚು ಮಾಡು ಎಂಬ ನಿಯಮ ಅಂದೇ ಕಾಣಿಸಿಕೊಂಡಿತು. ತರ್ಕ ಚೊಕ್ಕವಾಗಿತ್ತು. ಆದರೆ ತರ್ಕ ಚೊಕ್ಕವಾಗಿದ್ದ ಮಾತ್ರಕ್ಕೆ ಕಾರ್ಯ ಚೊಕ್ಕವಾಗುವುದಿಲ್ಲ ಎಂಬುದಕ್ಕೂ ಅದೇ ಮೊದಲ ನಿದರ್ಶನ.

ಮರುವರ್ಷ, 1946ರ ಜುಲೈಯಲ್ಲಿ, ಶಾಂತ ಸಾಗರದ ಬಿಕಿನಿ ಹವಳದ್ವೀಪದಲ್ಲಿ ‘ಕ್ರಾಸ್‌ರೋಡ್ಸ್’ ಎಂಬ ಸರಣಿ ನಡೆಯಿತು. ಅದಕ್ಕಾಗಿ ದ್ವೀಪದ 167 ನಿವಾಸಿಗಳನ್ನು ಮಾರ್ಚ್ ತಿಂಗಳಲ್ಲಿಯೇ ಬೇರೆಡೆಗೆ ಸಾಗಿಸಿದ್ದರು. ಸಿಡಿಸಿದ ಬಾಂಬುಗಳು ನಾಗಸಾಕಿಯ ಮಾದರಿಯವೇ. ವಿನ್ಯಾಸದಲ್ಲಿ ಹೊಸತೇನೂ ಇರಲಿಲ್ಲ. ಯುದ್ಧನೌಕೆಗಳು ಅಣುಬಾಂಬನ್ನು ತಾಳಿಕೊಳ್ಳುತ್ತವೆಯೆ ಎಂಬುದು ಅಲ್ಲಿನ ಪ್ರಶ್ನೆ. ಅದು ಬಾಂಬು ರೂಪಿಸುವವರ ಪ್ರಶ್ನೆಯಲ್ಲ, ನೌಕಾಪಡೆಯ ಪ್ರಶ್ನೆ. ಆ ವರ್ಷ ಅಮೆರಿಕದ ದಾಸ್ತಾನಿನಲ್ಲಿದ್ದದ್ದು ಒಂಬತ್ತೇ ಬಾಂಬುಗಳೆಂದು ಬಹುಕಾಲದ ನಂತರ ಬಹಿರಂಗವಾದ ಅಂಕಿಗಳು ಹೇಳುತ್ತವೆ. ಅಂಥ ಬಡತನದಲ್ಲಿ ಎರಡನ್ನು ಈ ಪ್ರಶ್ನೆಗೆ ಕೊಟ್ಟರು. ನೀರಿನೊಳಗೆ ಸಿಡಿದ ಎರಡನೆಯ ಬಾಂಬು ಹಡಗುಗಳನ್ನು ತೊಳೆದರೂ ಹೋಗದ ವಿಕಿರಣದಿಂದ ಮಲಿನಗೊಳಿಸಿತು. ಮೂರನೆಯ ಪರೀಕ್ಷೆಯನ್ನು ರದ್ದುಪಡಿಸಿದರು.

ಪರೀಕ್ಷೆಯ ಸರಣಿಯೊಂದು ದಾಸ್ತಾನಿನ ಸ್ವರೂಪವನ್ನೇ ಬದಲಿಸಿದ್ದನ್ನು ನೋಡಬೇಕಾದರೆ 1948ರ ಏಪ್ರಿಲ್ ಮತ್ತು ಮೇ ತಿಂಗಳುಗಳಿಗೆ ಬರಬೇಕು. ಎನಿವೆಟಾಕ್ ದ್ವೀಪದಲ್ಲಿ ನಡೆದ ಆ ಸರಣಿಯ ಹೆಸರು ‘ಸ್ಯಾಂಡ್‌ಸ್ಟೋನ್’. ಆಗಿನ ಕಷ್ಟವನ್ನು ಒಂದು ಮನೆಯ ಕಷ್ಟದಂತೆ ಊಹಿಸಿಕೊಳ್ಳಿ. ಪ್ಲುಟೋನಿಯಂ ತಯಾರಿಸುವ ರಿಯಾಕ್ಟರುಗಳು ಸವೆಯುತ್ತಿದ್ದವು; ಅವುಗಳಲ್ಲಿ ಒಂದನ್ನು ಮುಂದಿನ ಕಾಲಕ್ಕೆಂದು ನಿಲ್ಲಿಸಿಯೂ ಇದ್ದರು. ನಾಗಸಾಕಿಯ ಮಾದರಿ ಪ್ಲುಟೋನಿಯಮ್ಮನ್ನೇ ಬೇಡುತ್ತಿತ್ತು. ಇತ್ತ ಯುರೇನಿಯಂ ಸಂಗ್ರಹವಾಗುತ್ತಿದ್ದರೂ ಅದನ್ನು ಬಳಸುವ ಹಳೆಯ ವಿನ್ಯಾಸ ಬಹಳ ದುಂದಿನದು. ಇದ್ದ ಹಿಟ್ಟಿನಲ್ಲಿಯೇ ಹೆಚ್ಚು ರೊಟ್ಟಿ ತಟ್ಟುವುದು ಹೇಗೆ?

ಅದಕ್ಕಾಗಿ ಮೂರು ಪರೀಕ್ಷೆಗಳು. ಮೊದಲ ಎರಡರಲ್ಲಿ ಎರಡೂ ಲೋಹಗಳನ್ನು ಕೂಡಿಸಿ ಬಳಸುವ ಹೊಸ ವಿನ್ಯಾಸ. ಮೂರನೆಯದರಲ್ಲಿ ಯುರೇನಿಯಂ ಮಾತ್ರ. ಬಂದ ಶಕ್ತಿ ಕ್ರಮವಾಗಿ 37, 49 ಮತ್ತು 18 ಕಿಲೋಟನ್. ಮೂರೂ ಗೆದ್ದವು. ಇಲ್ಲಿ ಗಮನಿಸಬೇಕಾದದ್ದು ಆ ಅಂಕಿಗಳನ್ನಲ್ಲ, ಅವುಗಳ ಹಿಂದಿನ ನಿರ್ಧಾರವನ್ನು. ನಾಗಸಾಕಿಯ ಮಾದರಿಯ ತಯಾರಿಕೆಯನ್ನು ಕೈಬಿಟ್ಟು ಹೊಸ ಮಾದರಿಗೆ ತಿರುಗಿದರು. 1948ರಲ್ಲಿ 50 ಇದ್ದ ಬಾಂಬುಗಳು 1950ರಲ್ಲಿ 299 ಆದವು. ಕಾರ್ಖಾನೆಗಳ ಉತ್ಪಾದನೆಯೂ ಹೆಚ್ಚಿತ್ತೆನ್ನಿ, ಇದಕ್ಕೆ ಸ್ಯಾಂಡ್‌ಸ್ಟೋನ್ ಒಂದೇ ಕಾರಣವಲ್ಲ. ಆದರೆ ಇದ್ದ ಸಾಮಗ್ರಿಯ ಲೆಕ್ಕವನ್ನು ಬದಲಿಸಿದ್ದು ಆ ಮೂರು ಉತ್ತರಗಳೇ. ಕೊರತೆಯ ಕಾರಣಕ್ಕೆ ಇದ್ದ ಸಂಯಮವೂ ಅಲ್ಲಿಗೆ ಮುಗಿಯಿತು.

1949ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಬಾಂಬನ್ನು ಸಿಡಿಸಿತು. 1950ರ ಜನವರಿಯಲ್ಲಿ ಅಧ್ಯಕ್ಷ ಟ್ರೂಮನ್ ಜಲಜನಕ ಬಾಂಬಿನ ಕೆಲಸ ಮುಂದುವರಿಯಲೆಂದು ಸಾರಿದರು. ಅಲ್ಲಿಂದ ಪರೀಕ್ಷೆಗಳು ಮೆಟ್ಟಿಲುಗಳಂತೆ ಜೋಡಣೆಗೊಂಡವು. ಎನಿವೆಟಾಕ್‌ನಲ್ಲಿ ನಡೆಯಬೇಕಿದ್ದ ದೊಡ್ಡ ಸರಣಿಗೆ ಮುಂಚೆ ಕೆಲವು ವಿನ್ಯಾಸಗಳ ಬಗ್ಗೆ ಖಚಿತ ಅಂಕಿಗಳು ಬೇಕಿದ್ದವು. ಅದಕ್ಕಾಗಿ 1951ರ ಜನವರಿ ಕೊನೆಯಲ್ಲಿ ನೆವಾಡಾದ ಮರುಭೂಮಿಯಲ್ಲಿ ‘ರೇಂಜರ್’ ಎಂಬ ಐದು ಪರೀಕ್ಷೆಗಳ ಸರಣಿಯನ್ನು ಅವಸರದಿಂದ ನಡೆಸಿದರು. ಚಿಕ್ಕ ಪ್ರಶ್ನೆ ಮನೆಯ ಹಿತ್ತಲಿನಲ್ಲಿ, ದೊಡ್ಡ ಪ್ರಶ್ನೆ ಸಾಗರದ ನಡುವೆ. ಆಮೇಲಿನ ‘ಗ್ರೀನ್‌ಹೌಸ್’ ಸರಣಿಯ ನಾಲ್ಕು ಪರೀಕ್ಷೆಗಳಲ್ಲಿ ಮೊದಲ ಎರಡು, ಬೇಗನೆ ದಾಸ್ತಾನು ಸೇರಲಿದ್ದ ಅಸ್ತ್ರಗಳಿಗೆ ಸಂಬಂಧಿಸಿದವು. ನಂತರದ ಎರಡು, ಜಲಜನಕದ ಸಮ್ಮಿಲನ ಕ್ರಿಯೆಯನ್ನು ಕುರಿತವು. ನಾಳೆಯ ಅಗತ್ಯ ಮೊದಲು, ನಾಡಿದ್ದಿನ ಕನಸು ಆಮೇಲೆ.

1952ರ ನವೆಂಬರಿನ ‘ಐವಿ’ ಸರಣಿಯಲ್ಲಿ ಇನ್ನೊಂದು ಜಾಣ್ಮೆ ಕಾಣುತ್ತದೆ. ಅದರಲ್ಲಿದ್ದದ್ದು ಎರಡೇ ಪರೀಕ್ಷೆಗಳು. ಮೊದಲನೆಯ ‘ಮೈಕ್’, ಮೊಟ್ಟಮೊದಲ ಪೂರ್ಣ ಜಲಜನಕ ಸ್ಫೋಟ, 10.4 ಮೆಗಾಟನ್. ಅದು ಸಿಡಿದ ಎಲುಗೆಲಾಬ್ ಎಂಬ ನಡುಗಡ್ಡೆಯೇ ಅಳಿಸಿಹೋಯಿತು. ಆದರೆ ಅತಿಶೀತ ದ್ರವ ಇಂಧನದ ಆ ಸಾಧನ ಒಂದು ಕಟ್ಟಡದಷ್ಟು ದೊಡ್ಡದು, ವಿಮಾನದಲ್ಲಿ ಒಯ್ಯುವಂಥದ್ದಲ್ಲ. ಎರಡನೆಯ ‘ಕಿಂಗ್’ ಹಳೆಯ ತತ್ತ್ವದ್ದೇ ಆದ 500 ಕಿಲೋಟನ್‌ನ ಬಾಂಬು. ಮೈಕ್ ಸೋತರೂ ದೊಡ್ಡ ಬಾಂಬು ಬೇಕೆನ್ನುವವರ ಕೈಯಲ್ಲಿ ಒಂದು ಇರಲೆಂದು ಇಟ್ಟುಕೊಂಡ ಪರ್ಯಾಯ. ಮಳೆ ಕೈಕೊಟ್ಟೀತೆಂದು ರೈತ ಅಕ್ಕಡಿ ಸಾಲು ಬಿತ್ತುವ ಹಾಗೆ.

ಇಷ್ಟು ಅಚ್ಚುಕಟ್ಟಾಗಿ ಯೋಜನೆ ಮಾಡಿದವರ ಎಣಿಕೆ ತಲೆಕೆಳಗಾದದ್ದು 1954ರಲ್ಲಿ. ‘ಕ್ಯಾಸಲ್’ ಸರಣಿಯ ಉದ್ದೇಶ ಸ್ಪಷ್ಟವಿತ್ತು: ವಿಮಾನದಲ್ಲಿ ಒಯ್ಯಬಹುದಾದ ಜಲಜನಕ ಬಾಂಬು ಯಾವುದು? ಘನ ಇಂಧನದ್ದೋ, ಅತಿಶೀತ ದ್ರವ ಇಂಧನದ್ದೋ? ತುರ್ತಿಗಿರಲೆಂದು ಎರಡಕ್ಕೂ ಸಿದ್ಧತೆ ನಡೆದಿತ್ತು. ಮಾರ್ಚ್ 1ರ ಮುಂಜಾನೆ ಬಿಕಿನಿಯಲ್ಲಿ ‘ಬ್ರಾವೋ’ ಸಿಡಿಯಿತು. ಸುಮಾರು 6 ಮೆಗಾಟನ್ ಎಂದು ಅಂದಾಜಿಸಿದ್ದರು, ಬಂದದ್ದು 15. ಹಿರೋಶಿಮಾದ ಬಾಂಬಿನ ಸಾವಿರ ಪಟ್ಟು. ಇಂಧನದಲ್ಲಿದ್ದ ಲಿಥಿಯಂನ ಎರಡು ಬಗೆಗಳಲ್ಲಿ ಒಂದು ಸುಮ್ಮನಿರುತ್ತದೆಂದು ಭಾವಿಸಿದ್ದರು. ಅದು ಸುಮ್ಮನಿರಲಿಲ್ಲ.

ದಾಸ್ತಾನಿನ ದೃಷ್ಟಿಯಿಂದ ಒಂದೇ ಬೆಳಗಿನಲ್ಲಿ ಉತ್ತರ ದೊರಕಿತು. ಘನ ಇಂಧನ ಗೆದ್ದಿತು. ದ್ರವ ಇಂಧನದ ಬಾಂಬಿನ ಪರೀಕ್ಷೆಯನ್ನು ರದ್ದುಮಾಡಿದರು. ಆ ಮಾದರಿಯನ್ನೇ ಕೈಬಿಟ್ಟರು. ಮಾರ್ಚ್ ಕೊನೆಯ ‘ರೋಮಿಯೋ’ ಪರೀಕ್ಷೆ, ದುಬಾರಿಯಾಗಿ ಸಂಸ್ಕರಿಸದ ಸಹಜ ಲಿಥಿಯಂ ಕೂಡ ಸಾಕೆಂದು 11 ಮೆಗಾಟನ್‌ನಿಂದ ತೋರಿಸಿಕೊಟ್ಟಿತು. ಏಪ್ರಿಲ್ 7ರ ‘ಕೂನ್’ ಸೋತಿತು: ಒಂದು ಮೆಗಾಟನ್ ನಿರೀಕ್ಷಿಸಿದ ಕಡೆ 110 ಕಿಲೋಟನ್. ಅದನ್ನು ರೂಪಿಸಿದ ಪ್ರಯೋಗಾಲಯದ ಮುಂದಿನ ‘ಎಕೋ’ ಪರೀಕ್ಷೆಯನ್ನು ನಿಲ್ಲಿಸಿದರು. ಹೀಗೆ ಒಂದೊಂದು ಉತ್ತರವೂ ಮುಂದಿನ ಪ್ರಶ್ನೆಯನ್ನು ಅಳಿಸುತ್ತ, ತಿದ್ದುತ್ತ ಹೋಯಿತು. ಯೋಜನಾಶಾಸ್ತ್ರದ ಪಠ್ಯಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಆ ಬೆಳಗಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿಕಿನಿಯಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರು ದೂರದಲ್ಲಿ ರಂಗೆಲಾಪ್ ಎಂಬ ದ್ವೀಪವಿದೆ. ಕೆಲವು ಗಂಟೆಗಳ ನಂತರ ಅಲ್ಲಿ ಬಿಳಿಯ ಪುಡಿ ಸುರಿಯಲಾರಂಭಿಸಿತು. ಹವಳದ ಸುಣ್ಣ ಸುಟ್ಟು ವಿಕಿರಣಶೀಲವಾದ ಪುಡಿ ಅದು. ಮಕ್ಕಳು ಅದರಲ್ಲಿ ಆಡಿದರು. ಮೈ ಸುಟ್ಟಿತು, ವಾಂತಿಯಾಯಿತು, ಕೂದಲು ಉದುರಿತು. ಅವರನ್ನು ಅಲ್ಲಿಂದ ಸಾಗಿಸಿದ್ದು ಮಾರ್ಚ್ 3ರಂದು. 1946ರಲ್ಲಿ, ಇದಕ್ಕಿಂತ ನೂರಾರು ಪಟ್ಟು ಸಣ್ಣ ಪರೀಕ್ಷೆಗಳಿಗೆ ಮುಂಚೆ, ಇದೇ ರಂಗೆಲಾಪ್‌ನ ಜನರನ್ನು ಮುನ್ನೆಚ್ಚರಿಕೆಯಾಗಿ ಬೇರೆಡೆಗೆ ಕಳಿಸಿದ್ದರು. 1954ರಲ್ಲಿ ಕಳಿಸಲಿಲ್ಲ. ಗಾಳಿಯ ದಿಕ್ಕು ಅನುಕೂಲವಾಗಿಲ್ಲವೆಂಬ ಸೂಚನೆ ಹಿಂದಿನ ರಾತ್ರಿಯೇ ಅಧಿಕಾರಿಗಳ ಮುಂದಿತ್ತು. ಪರೀಕ್ಷೆಯನ್ನು ಮುಂದೂಡಲಿಲ್ಲ. ಅದೇ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ 23 ಮಂದಿಯ ಮೇಲೂ ಆ ಬೂದಿ ಬಿತ್ತು. ಅದರ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ರಂಗೆಲಾಪ್‌ನ ಜನ 1957ರಲ್ಲಿ ಮರಳಿ ಬಂದರು. ದ್ವೀಪ ಸುರಕ್ಷಿತವಲ್ಲವೆಂಬ ಅಂಜಿಕೆಯಿಂದ 1985ರಲ್ಲಿ ತಾವಾಗಿಯೇ ಮತ್ತೆ ತೊರೆದರು.

ಗೆಳೆಯರೆ, ಆ ಯೋಜನೆಯಲ್ಲಿ ಪ್ರಶ್ನೆಗಳಿಗೆ ಕೊರತೆಯಿರಲಿಲ್ಲ. ಎಷ್ಟು ಶಕ್ತಿ, ಎಷ್ಟು ತೂಕ, ಎಷ್ಟು ಖರ್ಚು ಎಂದೆಲ್ಲ ಕೇಳಿದ್ದರು. ‘ನಮ್ಮ ಅಂದಾಜು ತಪ್ಪಿದರೆ ಯಾರ ಮೇಲೆ ಬೀಳುತ್ತದೆ?’ ಎಂಬ ಪ್ರಶ್ನೆ ಸರದಿಯಲ್ಲಿ ಮೊದಲು ಬರಬೇಕಿತ್ತು. ಅದು ಮೊದಲು ಬರಲಿಲ್ಲ. ಪರೀಕ್ಷೆ ಬರೆದವರೊಬ್ಬರು, ಫಲ ಉಂಡವರು ಇನ್ನೊಬ್ಬರು. ಜಗತ್ತು ಆ ಪ್ರಶ್ನೆಯನ್ನು ಕೇಳತೊಡಗಿದ್ದು ಆ ನಂತರ. ಏಪ್ರಿಲ್ 2ರಂದು ನಮ್ಮ ಲೋಕಸಭೆಯಲ್ಲಿ ಪ್ರಧಾನಿ ನೆಹರೂ ಅವರು, ಪೂರ್ಣ ಒಪ್ಪಂದಕ್ಕೆ ಕಾಯದೆ ಪರೀಕ್ಷೆಗಳನ್ನಾದರೂ ನಿಲ್ಲಿಸಿರೆಂದು ಕರೆಯಿತ್ತರು.

ನಿಲ್ಲಿಸುವ ಮಾತು ಬಂದಾಗಲೇ ಯೋಜನೆಯ ಇನ್ನೊಂದು ದೌರ್ಬಲ್ಯ ಹೊರಬಿತ್ತು. 1958ರ ಅಕ್ಟೋಬರ್ ಕೊನೆಯಿಂದ ತಾತ್ಕಾಲಿಕ ಸ್ಥಗಿತವೆಂದು ನಿಶ್ಚಯವಾದೊಡನೆ ಅಮೆರಿಕದಲ್ಲಿ ಪರೀಕ್ಷೆಗಳಿಗೆ ನೂಕುನುಗ್ಗಲು. ಆ ಒಂದೇ ವರ್ಷ 77 ಸ್ಫೋಟಗಳು. 1961ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಥಗಿತವನ್ನು ಮುರಿದಮೇಲೆ ಎರಡೂ ಕಡೆ ಮತ್ತೆ ಸ್ಫೋಟಗಳ ಮಳೆ. 1963ರ ಒಪ್ಪಂದದಿಂದ ಆಕಾಶ, ಸಾಗರ, ಅಂತರಿಕ್ಷಗಳಲ್ಲಿ ಪರೀಕ್ಷೆ ನಿಷಿದ್ಧವಾಗಿ ಅದು ನೆಲದಡಿಗೆ ಇಳಿಯಿತು. ಗೌರಿಬಿದನೂರಿನ ಕಿವಿಗೆ ಕೆಲಸ ಬಂದದ್ದು ಆ ಕಾಲದಲ್ಲಿ. 1967ರಲ್ಲಿ ಅಮೆರಿಕದ ದಾಸ್ತಾನು 31,255 ಅಸ್ತ್ರಗಳ ಶಿಖರ ಮುಟ್ಟಿತು. 1992ರ ವೇಳೆಗೆ ಆ ದೇಶ ನಡೆಸಿದ ಪರೀಕ್ಷೆಗಳ ಒಟ್ಟು ಸಂಖ್ಯೆ 1,054.

ಈಗ ನನ್ನ ಮೇಷ್ಟರ ಸೋಮವಾರಕ್ಕೆ ಬರುತ್ತೇನೆ. 1992ರ ಸೆಪ್ಟೆಂಬರ್ 23ರಂದು ನೆವಾಡಾದಲ್ಲಿ ಒಂದು ಪರೀಕ್ಷೆ ನಡೆಯಿತು. ಅದೇ ಕಡೆಯದೆಂದು ಅಂದು ಯಾರಿಗೂ ಖಚಿತವಿರಲಿಲ್ಲ. ಅಕ್ಟೋಬರಿನಲ್ಲಿ ಅಲ್ಲಿ ಒಂದು ಕಾನೂನು ಬಂದಿತು. ಒಂಬತ್ತು ತಿಂಗಳು ಸಂಪೂರ್ಣ ಸ್ಥಗಿತ. ಆಮೇಲೆ 1996ರ ಸೆಪ್ಟೆಂಬರಿನೊಳಗೆ ಹೆಚ್ಚೆಂದರೆ 15 ಪರೀಕ್ಷೆ. ಅವೂ ಮುಖ್ಯವಾಗಿ ಅಸ್ತ್ರಗಳ ಸುರಕ್ಷತೆಗಾಗಿ. ಅನಂತರ, ಬೇರೆ ದೇಶ ಪರೀಕ್ಷೆ ನಡೆಸದಿದ್ದರೆ, ಒಂದೂ ಇಲ್ಲ. ಸಾವಿರ ಪ್ರಶ್ನೆ ಕೇಳಿ ರೂಢಿಯಾದವರ ಮುಂದೆ ಹದಿನೈದೇ ಪ್ರಶ್ನೆಗಳ ಮಿತಿ.

ಮಿತಿ ಬಂದಾಗ ಬುದ್ಧಿ ಹರಿತವಾಗುತ್ತದೆ. ಬೆಂಕಿ ಬಿದ್ದರೂ, ವಿಮಾನ ಉರುಳಿದರೂ ಆಕಸ್ಮಿಕವಾಗಿ ಸಿಡಿಯದ ಹಾಗೆ ಅಸ್ತ್ರಗಳನ್ನು ತಿದ್ದುವುದಾದರೆ ಆ ತಿದ್ದುಪಡಿಯನ್ನು ಪರೀಕ್ಷಿಸಬೇಕು. ಆದರೆ ಆ ಅಸ್ತ್ರವನ್ನೇ ದಾಸ್ತಾನಿನಿಂದ ತೆಗೆದುಹಾಕುವುದಾದರೆ? ಆಗ ಪರೀಕ್ಷೆಯೇ ಬೇಡ. ಬೆಂಕಿಯ ಅಪಾಯವಿದ್ದ, ವಿಮಾನಗಳಿಗೆ ಜೋಡಿಸುತ್ತಿದ್ದ ಒಂದು ಬಗೆಯ ಕ್ಷಿಪಣಿಯನ್ನು 1990ರಲ್ಲಿಯೇ ಸನ್ನದ್ಧ ವಿಮಾನಗಳಿಂದ ಕೆಳಗಿಳಿಸಿದ್ದರು. 1993ರ ಜುಲೈ 3ರಂದು ಅಧ್ಯಕ್ಷ ಕ್ಲಿಂಟನ್ ಸ್ಥಗಿತವನ್ನು ಮುಂದುವರಿಸಿದರು. ದಾಸ್ತಾನು ಸುರಕ್ಷಿತ ಮತ್ತು ವಿಶ್ವಾಸಾರ್ಹ. ಪರೀಕ್ಷೆಯಿಂದ ಒಂದಿಷ್ಟು ಲಾಭವಿದ್ದರೂ ಅದನ್ನು ನೋಡಿ ಬೇರೆ ದೇಶಗಳೂ ಹೊರಟರೆ ಆಗುವ ನಷ್ಟವೇ ಹೆಚ್ಚು ಎಂಬುದು ಅವರ ವಾದದ ಸಾರ. ಹದಿನೈದರಲ್ಲಿ ಒಂದನ್ನೂ ಕೇಳಲಿಲ್ಲ. ಅಲ್ಲಿಂದೀಚೆಗೆ ಹಳೆಯ ಪರೀಕ್ಷೆಗಳ ದಾಖಲೆ, ಮಹಾಗಣಕಗಳು, ಲೇಸರ್ ಯಂತ್ರಗಳು, ಬಿಡಿಭಾಗಗಳ ತಪಾಸಣೆ ಇವುಗಳ ಆಧಾರದಿಂದ ಪ್ರಯೋಗಾಲಯಗಳ ನಿರ್ದೇಶಕರು ದಾಸ್ತಾನಿನ ಸ್ಥಿತಿಯನ್ನು ವರ್ಷಕ್ಕೊಮ್ಮೆ ಲಿಖಿತವಾಗಿ ತಿಳಿಸುತ್ತಾರೆ. ಉತ್ತರಪತ್ರಿಕೆಗಳ ಹಳೆಯ ಕಟ್ಟನ್ನು ಬಿಚ್ಚಿ ಸರಿಯಾಗಿ ಓದಿದ್ದರೆ ಹೊಸ ಪರೀಕ್ಷೆ ಎಷ್ಟೋ ಬಾರಿ ಬೇಕಾಗುವುದಿಲ್ಲ.

ನಮ್ಮ ದೇಶದ ಮಾತನ್ನೂ ಹೇಳಲೇಬೇಕು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಮೊದಲ ಸ್ಫೋಟದ ನೇತೃತ್ವ ವಹಿಸಿದ್ದವರಲ್ಲಿ ಪ್ರಮುಖರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಇಪ್ಪತ್ತನಾಲ್ಕು ವರ್ಷಗಳ ನಂತರ, 1998ರ ಮೇ 11ರಂದು ಮೂರು, 13ರಂದು ಎರಡು ಸಾಧನಗಳನ್ನು ಸಿಡಿಸಿದರು. 11ರಂದು ಮೂರನ್ನೂ ಏಕಕಾಲದಲ್ಲಿ ಸಿಡಿಸಿದ್ದಕ್ಕೆ ವಿಜ್ಞಾನಿಗಳು ಕೊಟ್ಟ ಕಾರಣ, ಒಂದರ ಆಘಾತದಿಂದ ಪಕ್ಕದ ಬಾವಿ ಹಾನಿಗೊಳ್ಳಬಾರದೆಂಬುದು. ಕಾರಣ ಯುಕ್ತವಾದದ್ದೇ. ಆದರೆ ಮೂರು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿದಾಗ ದೂರದ ಭೂಕಂಪಮಾಪಕಗಳಿಗೆ ಮೂರೂ ಉತ್ತರಗಳು ಬೆರೆತು ಒಂದೇ ಕಂಪನವಾಗಿ ತಲುಪುತ್ತವೆ. ಜಲಜನಕ ಸಾಧನದ ಶಕ್ತಿ ಎಷ್ಟೆಂಬ ವಾದ ಹೊರಗೆ ಅಂದೇ ಆರಂಭವಾಯಿತು. 2009ರಲ್ಲಿ, ಆ ಪರೀಕ್ಷೆಗಳಲ್ಲಿ ಪಾಲ್ಗೊಂಡಿದ್ದ ಕೆ. ಸಂತಾನಂ ಅವರೇ ಅದು ನಿರೀಕ್ಷೆ ಮುಟ್ಟಲಿಲ್ಲವೆಂದರು. ಪರಮಾಣು ಶಕ್ತಿ ಆಯೋಗದ ಹಿರಿಯರು ಆ ಮಾತನ್ನು ಅಲ್ಲಗಳೆದರು. ಮುಂದಿನ ಪರೀಕ್ಷೆಗಳಿಗೆ ಭಾರತ ಸ್ವಯಂಪ್ರೇರಿತ ನಿಲುಗಡೆ ಹಾಕಿಕೊಂಡಿದೆ. ವಾದವಿದ್ದರೂ ಆ ನಿಲುಗಡೆ ಉಳಿದಿದೆ. ಪ್ರಶ್ನೆ ಇದ್ದ ಮಾತ್ರಕ್ಕೆ ಪರೀಕ್ಷೆ ನಡೆಯಲೇಬೇಕೆಂದಿಲ್ಲ; ಅದರ ಬೆಲೆಯನ್ನೂ ತೂಗಬೇಕು.

ಇಷ್ಟು ಹೇಳಿ ಶಾಲೆಯ ಹೊಸ್ತಿಲಿಗೆ ಮರಳುತ್ತೇನೆ. ಬಾಂಬಿನ ಪರೀಕ್ಷೆಗೂ ಮಗುವಿನ ಪರೀಕ್ಷೆಗೂ ಸಾಟಿಯಿಲ್ಲ. ಆದರೆ ಪರೀಕ್ಷೆ ಯೋಜಿಸುವವನ ಮನಸ್ಸು ಎರಡು ಕಡೆಯೂ ಒಂದೇ ಬಗೆಯ ತಪ್ಪು ಮಾಡಬಲ್ಲದು. ನನ್ನ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನಾನೂ ಮಾಡಿದ್ದೇನೆ. ಉತ್ತರದಿಂದ ನನ್ನ ಪಾಠ ಒಂದಿಷ್ಟೂ ಬದಲಾಗದೆಂದು ಗೊತ್ತಿದ್ದೂ ಪರೀಕ್ಷೆ ಕೊಟ್ಟಿದ್ದೇನೆ. ಮೊದಲು ತಿಳಿಯಬೇಕಾದದ್ದನ್ನು ಕೊನೆಗೆ ಕೇಳಿದ್ದೇನೆ. ಒಮ್ಮೆ, ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಕಡೆಯ ಹೆಸರಿನ ಹುಡುಗ ಮರುದಿನದಿಂದ ಬರಲಿಲ್ಲ. ಅವನ ಮನೆಗೆ ಹೋಗಿ ಅವನ ತಂದೆಯೊಡನೆ ಮಾತನಾಡಿದೆ. ಹುಡುಗ ಆಗಲೇ ಇಟ್ಟಿಗೆ ಗೂಡಿನ ಕೆಲಸಕ್ಕೆ ಸೇರಿದ್ದ. ನನ್ನ ಅಂದಾಜು ತಪ್ಪಿದರೆ ಅದು ಯಾರ ಮೇಲೆ ಬೀಳುತ್ತದೆಂದು ನಾನು ಕೇಳಿಕೊಂಡಿರಲಿಲ್ಲ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ. ಪ್ರಶ್ನೆಪತ್ರಿಕೆ ಬರೆಯುವ ಮುನ್ನ ಮೂರು ಮಾತು ಕೇಳಿಕೊಳ್ಳಿ. ಈ ಉತ್ತರ ನೋಡಿ ನಾನು ಏನನ್ನು ಬದಲಿಸುತ್ತೇನೆ? ಇದಕ್ಕಿಂತ ಮೊದಲು ತಿಳಿಯಬೇಕಾದದ್ದು ಏನಾದರೂ ಇದೆಯೆ? ನಾನು ತಪ್ಪಿದರೆ ಅದರ ಬೆಲೆ ತೆರುವವರು ಯಾರು? ಮೂರನೆಯದನ್ನು ಮೊದಲು ಕೇಳಿಕೊಳ್ಳಿ. ತಾಯ್ತಂದೆಯರೆ, ಮಗು ಅಂಕಪಟ್ಟಿ ತಂದಾಗ ಎಷ್ಟು ಬಂತೆಂದು ಕೇಳುವುದು ಸಹಜ. ಅದರ ಜೊತೆಗೆ, ‘ಇದನ್ನು ನೋಡಿ ನಾವು ನಿನಗಾಗಿ ಏನು ಮಾಡಬೇಕು?’ ಎಂದೂ ಕೇಳಿ.

ಮಕ್ಕಳೆ, ನಿಮಗೆ ಒಂದೇ ಮಾತು. ಗೌರಿಬಿದನೂರಿನ ಬಯಲಿನಲ್ಲಿ ಇಂದಿಗೂ ನೆಲಕ್ಕೆ ಕಿವಿಗೊಟ್ಟ ಯಂತ್ರಗಳಿವೆ. ದೊಡ್ಡವರು ಗುಟ್ಟಾಗಿ ಮಾಡಿದ್ದೂ ನೆಲದಲ್ಲಿ ದಾಖಲಾಗುತ್ತದೆ. ನೀವು ಓದಿ ದೊಡ್ಡವರಾಗಿ ಯಾವ ನಿರ್ಧಾರದ ಮೇಜಿನ ಮುಂದೆ ಕುಳಿತರೂ, ರಂಗೆಲಾಪ್‌ನಲ್ಲಿ ಬಿಳಿಯ ಪುಡಿಯೊಡನೆ ಆಡಿದ ನಿಮ್ಮ ವಯಸ್ಸಿನ ಮಕ್ಕಳನ್ನು ನೆನೆಯಿರಿ.

ಸೋಮವಾರದ ಪರೀಕ್ಷೆ ಕೊಟ್ಟ, ಒಂದು ಸೋಮವಾರ ಕೊಡದೆ ಇದ್ದ ನನ್ನ ಗುರುಗಳಿಗೆ ಈ ಉಪನ್ಯಾಸವನ್ನು ಅರ್ಪಿಸುತ್ತೇನೆ. ಶಾಲೆ ಇನ್ನೂ ನೂರು ವರ್ಷ ಬಾಳಲಿ.